ಕಣ್ಣಿಗೆ ಕಾಣುವ ನಾದ



ನಮ್ಮ ಮಕ್ಕಳಲ್ಲಿ ಅನೇಕರು ಇಂದು ಗಣಕಯಂತ್ರದಲ್ಲಿಯೇ ಸಂಗೀತವನ್ನು ರಚಿಸುತ್ತಾರೆ. ಕಿವಿಗೆ ಹೆಡ್‌ಫೋನ್, ಕಣ್ಣೆದುರಿಗೆ ಕುಣಿಯುವ ಗೆರೆಗಳು. ಅದೇನೆಂದು ಕೇಳಬೇಕೆನಿಸಿದರೂ ಹಿರಿಯರಾದ ನಾವು ಕೇಳದೆ ಸರಿದುಹೋಗುತ್ತೇವೆ. ಆ ಗೆರೆಗಳು ಏನನ್ನು ಹೇಳಬಲ್ಲವು, ಏನನ್ನು ಹೇಳಲಾರವು ಎಂಬುದನ್ನು ನಿವೇದಿಸುವುದೇ ಈ ಉಪನ್ಯಾಸದ ಉದ್ದೇಶ.

ಈ ವಿಷಯಕ್ಕೂ ನಾವಿರುವ ನಗರಕ್ಕೂ ನಂಟಿದೆ. ಸಿಡ್ನಿಯ ಪೀಟರ್ ವೋಗೆಲ್ ಮತ್ತು ಕಿಮ್ ರೈರಿ 1979ರಲ್ಲಿ ಹೊರತಂದ ‘ಫೇರ್‌ಲೈಟ್ ಸಿ.ಎಂ.ಐ.’ ವಾದ್ಯದಲ್ಲಿ ಬೆಳಕಿನ ಲೇಖನಿಯಿಂದ ತೆರೆಯ ಮೇಲೆಯೇ ಧ್ವನಿಯ ಅಲೆಯನ್ನು ಬಿಡಿಸಬಹುದಾಗಿತ್ತು. ಅಂದು ಬಹು ದುಬಾರಿಯಾಗಿದ್ದ ಆ ಸೌಲಭ್ಯ ಇಂದು ಮನೆಯ ಗಣಕದಲ್ಲೇ ಇದೆ. 2020ರಲ್ಲಿ ಬಂದ ‘ವೈಟಲ್’ನಂಥ ತಂತ್ರಾಂಶ ಸಿಂಥಸೈಜರುಗಳು ನಾದವನ್ನು ನುಡಿಸುತ್ತಲೇ ಚಿತ್ರಿಸಿಯೂ ತೋರಿಸುತ್ತವೆ.

ಚಿತ್ರಗಳು ಎರಡು ಬಗೆ. ಮೊದಲನೆಯದು ಅಲೆರೂಪ, ಕಾಲ ಸರಿದಂತೆ ಧ್ವನಿಯ ಏರಿಳಿತ. ಎರಡನೆಯದು ರೋಹಿತ, ಆ ಧ್ವನಿಯಲ್ಲಿ ಯಾವ ಯಾವ ಕಂಪನಗಳು ಎಷ್ಟೆಷ್ಟು ಬೆರೆತಿವೆ ಎಂಬ ಲೆಕ್ಕ. ಸೆಕೆಂಡಿಗೆ 200 ಕಂಪನಗಳ ಸ್ವರದೊಡನೆ 400, 600, 800ರ ಉಪಸ್ವರಗಳೂ ಹೊಮ್ಮುತ್ತವೆ. ಗರಗಸದ ಹಲ್ಲಿನಂಥ ಅಲೆಯಲ್ಲಿ ಇವೆಲ್ಲವೂ ಇರುತ್ತವೆ: ಎರಡನೆಯದು ಮೊದಲಿನದರ ಅರ್ಧ, ಮೂರನೆಯದು ಮೂರರಲ್ಲೊಂದು ಪಾಲು, ಹೀಗೆ. ಚೌಕಾಕಾರದ ಅಲೆಯಲ್ಲಿ ಬೆಸಸಂಖ್ಯೆಯವು ಮಾತ್ರ. ಅದನ್ನು ಕೇಳಿದ ಮಗು ‘ಇದೇಕೋ ಟೊಳ್ಳಾಗಿದೆ’ ಎಂದರೆ, ಸಮಸಂಖ್ಯೆಯ ಗೆರೆಗಳಿಲ್ಲದ ರೋಹಿತ ಅದರ ಕಾರಣವನ್ನು ತೋರಿಸುತ್ತದೆ. ಕಿವಿ ಕೇಳಿದ ಪ್ರಶ್ನೆಗೆ ಕಣ್ಣು ಕೊಟ್ಟ ಉತ್ತರವಿದು.

ಆದರೆ ಪ್ರಶ್ನೆಯಿಲ್ಲದೆ ನೋಡಿದ ಕಣ್ಣು ಮೋಸಹೋಗುತ್ತದೆ. ಉಪಸ್ವರಗಳ ಪ್ರಮಾಣವನ್ನು ಹಾಗೆಯೇ ಇರಿಸಿ, ಅವು ಆರಂಭವಾಗುವ ಹಂತವನ್ನಷ್ಟೇ ಹಿಂದುಮುಂದು ಮಾಡಿದರೆ ಅಲೆರೂಪ ಗುರುತು ಸಿಗದಷ್ಟು ಬದಲಾಗಬಹುದು. ರೋಹಿತ ಮಾತ್ರ ಕದಲದು; ಒಂದೇ ಸಮನೆ ನಿಂತ ಸ್ವರದಲ್ಲಿ ಕಿವಿಗೂ ಹೆಚ್ಚಿನ ಭೇದ ತಿಳಿಯದು. ಅಂದವಾಗಿ ಕಾಣುವ ಅಲೆ ಇಂಪಾಗಿ ನುಡಿಯಲೇಬೇಕೆಂಬ ನಿಯಮವಿಲ್ಲ.

ರೋಹಿತಕ್ಕೂ ಮಿತಿಯುಂಟು. ಸೆಕೆಂಡಿಗೆ 44,100 ಮಾದರಿಗಳಂತೆ ದಾಖಲಾದ ಧ್ವನಿಯಲ್ಲಿ ಒಮ್ಮೆಗೆ 4,096 ಮಾದರಿಗಳನ್ನು ಪರೀಕ್ಷಿಸಿದರೆ, ರೋಹಿತದ ಒಂದು ಬಿಂದುವಿಗೂ ಮುಂದಿನದಕ್ಕೂ ಸುಮಾರು 10.8 ಕಂಪನಗಳ ಅಂತರ. ಷಡ್ಜ 131ರಲ್ಲಿದ್ದರೆ ಶುದ್ಧ ರಿಷಭ ಸುಮಾರು 139, ಅಂತರ ಎಂಟೇ. ಒಟ್ಟಿಗೆ ನುಡಿದ ಈ ಎರಡರ ಮೂಲಕಂಪನಗಳನ್ನು ತೆರೆ ಒಂದೇ ಗುಡ್ಡವಾಗಿ ತೋರಿಸುತ್ತದೆ. ಸಂಗೀತಾಭ್ಯಾಸವಿಲ್ಲದ ಕಿವಿಯೂ ಆ ಕರ್ಕಶವನ್ನು ತಟ್ಟನೆ ಗುರುತಿಸುತ್ತದೆ.

ಇಲ್ಲಿ ನಮ್ಮ ತಂಬೂರಿಯನ್ನು ನೆನೆಯಬೇಕು. ತಂತಿಯನ್ನು ನಟ್ಟನಡುವೆ ಮೀಟಿದರೆ ಎರಡನೆಯ ಉಪಸ್ವರ ಹುಟ್ಟಬಾರದೆಂಬುದು ಭೌತಶಾಸ್ತ್ರದ ಹಳೆಯ ನಿಯಮ. ತಂಬೂರಿ ಮತ್ತು ವೀಣೆಗಳು ಇಂಥ ನಿಯಮವನ್ನು ಮೀರುತ್ತವೆಂದೂ ಅದರ ಗುಟ್ಟು ಕುದುರೆಯ ರಚನೆಯಲ್ಲಿದೆಯೆಂದೂ ಸಿ.ವಿ. ರಾಮನ್ ಅವರು 1921ರಲ್ಲೇ ಬರೆದರು. ಅವರು ಬೆಂಗಳೂರಿಗೆ ಬಂದದ್ದು ಆ ಬಳಿಕ, 1933ರಲ್ಲಿ. ಅಗಲವಾದ ಕುದುರೆಯ ಮೇಲೆ ತಂತಿಯಡಿ ನೂಲಿನೆಳೆಯನ್ನು ಕೂದಲೆಳೆಯಷ್ಟು ಸರಿಸಿ ಜೀವನಾದವನ್ನು ಹೊರಡಿಸುತ್ತಿದ್ದ ವಾದಕರ ಮುಂದೆ ಯಾವ ತೆರೆಯೂ ಇರಲಿಲ್ಲ. ಅವರ ಕಿವಿಯೇ ರೋಹಿತವನ್ನು ಓದುತ್ತಿತ್ತು.

ಮನೆಯಲ್ಲಿ ತಂಬೂರಿಯಿದ್ದರೆ ಮೈಕ್ರೋಫೋನನ್ನು ಗಣಕಕ್ಕೆ ಜೋಡಿಸಿ, ಆ ನೂಲನ್ನು ಮಕ್ಕಳ ಕೈಯಿಂದಲೇ ಸರಿಸಿ ನೋಡಿ. ನಾದ ಅರಳಿದಾಗ ರೋಹಿತದ ಮೇಲಿನ ಗೆರೆಗಳು ಮೇಲೇಳುವುದನ್ನು ಅವರು ಕಾಣುವರು. ಆದರೆ ಮೊದಲು ಕಣ್ಣು ಮುಚ್ಚಿಸಿ, ಕೇಳಿಸಿದ್ದನ್ನು ಕನ್ನಡದಲ್ಲಿ ಹೇಳಿಸಿ: ಮೊಂಡೇ, ಹರಿತವೇ, ತುಂಬಿದೆಯೇ, ಟೊಳ್ಳೇ? ಅನಂತರ ತೆರೆಯನ್ನು ನೋಡಲಿ. ಕೇಳುವ ಅಭ್ಯಾಸವೊಂದು ಕೈತಪ್ಪಿದರೆ ಎಷ್ಟು ಗೆರೆಗಳಿದ್ದರೂ ಅದು ಮರಳದು. ಅದು ಉಳಿದರೆ, ಅವರ ಯಂತ್ರವೂ ನಮ್ಮ ತಂಬೂರಿಯೂ ಒಂದೇ ಪಾಠವನ್ನು ಹೇಳಿಕೊಡುತ್ತವೆ.