ಜಾಕೆಟ್ ಯಾರಿಗೆ?

(ಸುವರ್ಣ ಮಹೋತ್ಸವದ ಹಳೆ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ಇಂಜಿನಿಯರ್ ಆದವನು ಕಂಪ್ಯೂಟರ್ ಬಗ್ಗೆ ಮಾತಾಡಲಿ ಎಂದು ಸಮಿತಿಯವರ ಅಪೇಕ್ಷೆ. ಆದರೆ ನಾನು ಕಡಲಿನ ಬಗ್ಗೆ ಮಾತಾಡುತ್ತೇನೆ. ಆ ಪರೀಕ್ಷೆಯಲ್ಲಿ ಒಮ್ಮೆ ಫೇಲಾದವನು ನಾನು.

ಕೆಲವು ವರ್ಷಗಳ ಹಿಂದೆ, ಡಿಸೆಂಬರ್ ರಜೆಯಲ್ಲಿ, ಬೆಂಗಳೂರಿನಿಂದ ಒಂದು ಕಯಾಕ್ ತಂದಿದ್ದೆ. ಒಬ್ಬರೇ ಕುಳಿತು ಹುಟ್ಟು ಹಾಕುವ ಪ್ಲಾಸ್ಟಿಕ್ ದೋಣಿ. ಬೆಳಗಿನ ಜಾವ ಮನೆಯಲ್ಲಿ ಯಾರಿಗೂ ಹೇಳದೆ ಗಾಳ ಹಿಡಿದು ಹೊರಟೆ. ದಡದ ಹತ್ತಿರ ನೀರು ಕನ್ನಡಿಯಂತಿತ್ತು. ನಾಲ್ಕು ಬಂಗುಡೆ ಸಿಕ್ಕಿದವು. ತಲೆಯೆತ್ತಿ ನೋಡಿದರೆ ತೆಂಗಿನಮರಗಳು ಕಡ್ಡಿಯಷ್ಟು ಕಾಣುತ್ತಿದ್ದವು.

ಇದೇ ಶಾಲೆಯಲ್ಲಿ ವಿಜ್ಞಾನದ ಮಾಸ್ಟ್ರು ಕರಿಹಲಗೆಯ ಮೇಲೆ ಬಾಣ ಹಾಕಿ ಕಲಿಸಿದ್ದರು: ರಾತ್ರಿ ನೆಲ ಬೇಗ ತಣಿಯುತ್ತದೆ, ಗಾಳಿ ನೆಲದಿಂದ ಕಡಲಿಗೆ ಬೀಸುತ್ತದೆ. ಆ ಪ್ರಶ್ನೆಗೆ ನನಗೆ ಪೂರ್ತಿ ಅಂಕ ಬಂದಿತ್ತು. ಗಾಳಿ ಹಿಂದಿನಿಂದ ಬಂದರೆ ದಡದ ನೀರು ಶಾಂತವಾಗಿ ಕಾಣುತ್ತದೆ, ದೋಣಿ ಮಾತ್ರ ಹೊರಗೆ ಹೋಗುತ್ತಿರುತ್ತದೆ ಎನ್ನುವುದು ಅಂದು ಗೊತ್ತಾಯಿತು.

ತಿರುಗುವ ಗಡಿಬಿಡಿಯಲ್ಲಿ ದೋಣಿ ಮಗುಚಿತು. ಹುಟ್ಟು ತೇಲಿಹೋಯಿತು. ಲೈಫ್ ಜಾಕೆಟ್ ದೋಣಿಯ ಹಿಂಬದಿಗೆ ಕಟ್ಟಿತ್ತು. ಫೋನ್ ಪ್ಯಾಂಟಿನ ಜೇಬಿನಲ್ಲಿ ಸತ್ತಿತ್ತು. ನಾನು ಮಾಡಿದ ಒಂದೇ ಒಳ್ಳೆಯ ಕೆಲಸವೆಂದರೆ ಈಜಿ ದಡ ಸೇರಲು ಹೋಗದೆ ದೋಣಿಯನ್ನು ಹಿಡಿದುಕೊಂಡದ್ದು. ಬಲೆ ಎಳೆದು ಮರಳುತ್ತಿದ್ದ ನಾಡದೋಣಿಯವರು ಕಂಡು ಎತ್ತಿಕೊಂಡರು. ಅದರಲ್ಲಿದ್ದ ಹಿರಿಯರೊಬ್ಬರು ಕೇಳಿದರು: "ಮಾಣಿ, ಜಾಕೆಟ್ ದೋಣಿ ಮುಳ್ಗದೇ ಇಪ್ಪುಕಾ, ನೀ ಮುಳ್ಗದೇ ಇಪ್ಪುಕಾ?"

ಈಗಲೂ ಕಯಾಕಿನಲ್ಲಿ ಹೋಗುತ್ತೇನೆ. ಆದರೆ ಜಾಕೆಟ್ ಮೈಮೇಲಿರುತ್ತದೆ, ಅದಕ್ಕೊಂದು ಸೀಟಿ. ಹುಟ್ಟನ್ನು ಹಗ್ಗದಿಂದ ದೋಣಿಗೆ ಕಟ್ಟುತ್ತೇನೆ. ನೀರು ಹೋಗದ ಚೀಲದಲ್ಲಿ ಫೋನ್ ಎದೆಯ ಮೇಲೆ, ಅದರಲ್ಲಿ ಕರಾವಳಿ ಕಾವಲು ಪಡೆಯ 1554. ಮಗುಚಿದ ದೋಣಿಯನ್ನು ಮತ್ತೆ ಹತ್ತುವುದನ್ನು ಎದೆಮಟ್ಟದ ನೀರಿನಲ್ಲಿ, ಜೊತೆಗೆ ಒಬ್ಬರನ್ನು ನಿಲ್ಲಿಸಿಕೊಂಡು ಅಭ್ಯಾಸ ಮಾಡಿದ್ದೇನೆ. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆಯ ಅಲೆ ಮುನ್ಸೂಚನೆ ನೋಡದೆ ಇಳಿಯುವುದಿಲ್ಲ. ಇಳಿತದ ಹೊತ್ತಿನಲ್ಲಿ ಅಳಿವೆ ಬಾಗಿಲಿಗೆ ಹೋಗುವುದಿಲ್ಲ. ಹೊಳೆಯ ನೀರು ಹೊರಗೆ ನುಗ್ಗುವಾಗ ಒಳಬರುವ ಅಲೆ ಅಲ್ಲಿ ಕಡಿದಾಗಿ ಏಳುತ್ತದೆ. ಮಳೆಗಾಲದಲ್ಲಂತೂ ಕಯಾಕ್ ಅಟ್ಟದ ಮೇಲೆ.

ಎಲ್ಲಕ್ಕಿಂತ ಮುಖ್ಯವಾಗಿ, ಎಲ್ಲಿಗೆ ಹೋಗುತ್ತೇನೆ, ಎಷ್ಟು ಗಂಟೆಗೆ ಬರುತ್ತೇನೆ ಎಂದು ಅಮ್ಮನಿಗೆ ಹೇಳಿ ಹೋಗುತ್ತೇನೆ.

ಮಕ್ಕಳೇ, ನಿಮ್ಮಲ್ಲಿ ಹಲವರ ಅಪ್ಪ, ಅಣ್ಣಂದಿರು ಇಂದು ಬೆಳಿಗ್ಗೆಯೂ ಕಡಲಿಗೆ ಹೋಗಿದ್ದಾರೆ. ಸಂಜೆ ಮನೆಗೆ ಹೋದಾಗ ಒಂದು ಮಾತು ಕೇಳಿ: ಜಾಕೆಟ್ ದೋಣಿಯಲ್ಲಿದೆಯೋ, ಮೈಮೇಲಿದೆಯೋ? ಈ ಶಾಲೆ ನನಗೆ ಉತ್ತರ ಕಲಿಸಿತ್ತು. ನಾನದನ್ನು ಪರೀಕ್ಷೆಯ ಹಾಳೆಯಲ್ಲೇ ಬಿಟ್ಟುಬಂದಿದ್ದೆ. ನೀವು ಹಾಗೆ ಮಾಡಬೇಡಿ.