ಮ್ಯೂನಿಕ್ 1919: ಬಾಗಿಲು ತೆರೆದವರು ಯಾರು?



ಮೊದಲ ಮಹಾಯುದ್ಧದ ಸೋಲಿನ ಬೆನ್ನಿಗೆ ನಾಜಿ ಪಕ್ಷ ಹೇಗೆ ಹುಟ್ಟಿತೆಂಬ ವಿಷಯವನ್ನು ಚಿಕ್ಕೋಡಿಯ ಈ ವಿಚಾರ ಸಂಕಿರಣಕ್ಕೆ ಆರಿಸಿಕೊಂಡ ಇತಿಹಾಸ ವಿಭಾಗಕ್ಕೆ ಮೊದಲು ಅಭಿನಂದನೆ. ವರ್ಸೇಲ್ಸ್ ಒಪ್ಪಂದದ ಕುರಿತು ಅಥಣಿಯ ಸರ್ ಮುಂದಿನ ಗೋಷ್ಠಿಯಲ್ಲಿ ಮಾತಾಡಲಿದ್ದಾರೆ. ವೈಮಾರ್ ಸಂವಿಧಾನವನ್ನು ರಾಯಬಾಗದ ಮೇಡಂ ಅವರಷ್ಟು ಆಳವಾಗಿ ಓದಿಕೊಂಡವರು ಈ ಸಭೆಯಲ್ಲಿ ಇನ್ನೊಬ್ಬರಿಲ್ಲ. ಆ ಎರಡನ್ನೂ ಅವರಿಗೇ ಬಿಟ್ಟು, ಬಹುಕಾಲದಿಂದ ನನ್ನನ್ನು ಕಾಡುತ್ತಿರುವ ಒಂದು ತಕರಾರನ್ನು ನಿಮ್ಮ ಮುಂದಿಡುತ್ತೇನೆ.

ಜರ್ಮನಿ ಸೋತಿತು, ಅವಮಾನವಾಯಿತು, ಹಣದುಬ್ಬರ ಬಂತು, ಹಿಟ್ಲರ್ ಬಂದ. ನಮ್ಮ ತರಗತಿಗಳಲ್ಲಿ ಪಾಠ ಇಷ್ಟಕ್ಕೇ ಮುಗಿಯುತ್ತದೆ. ಕಾಗವಾಡದ ಕಡೆಯ ಒಬ್ಬ ಹುಡುಗ ಒಮ್ಮೆ ಎದ್ದು ನಿಂತು, "ಸರ್, ಯುದ್ಧ ಸೋತಿದ್ದು 18ರಾಗ, ಅಂವ ಗಾದಿಗೆ ಬಂದಿದ್ದು 33ರಾಗ. ನಡಕಿನ ಹದಿನೈದ ವರ್ಷ ಏನ್ ಮಾಡ್ತಿದ್ದರಿ?" ಎಂದು ಕೇಳಿದ. ನಾನು ಓದಿದ ಎಷ್ಟೋ ಪ್ರಬಂಧಗಳಿಗಿಂತ ಈ ಪ್ರಶ್ನೆ ಮೇಲು. 1923ರ ನವೆಂಬರಿನಲ್ಲಿ ಒಂದು ಡಾಲರಿಗೆ 4.2 ಲಕ್ಷ ಕೋಟಿ ಮಾರ್ಕ್ ಕೊಡಬೇಕಿತ್ತು. ಸೋಲು, ಉಬ್ಬರ ಎರಡನ್ನೂ ಉಂಡ ಅದೇ ಜನ 1928ರ ಮೇ ಚುನಾವಣೆಯಲ್ಲಿ ನಾಜಿ ಪಕ್ಷಕ್ಕೆ ಕೊಟ್ಟದ್ದು ನೂರಕ್ಕೆ 2.6 ಮತ. ಸೋಲೊಂದೇ ಕಾರಣವಾಗಿದ್ದರೆ ಈ ಅಂಕಿ ಹೀಗಿರಲು ಸಾಧ್ಯವೇ?

ಸೋಲಿನ ಕಥೆಯನ್ನು ಕಟ್ಟಿದವರು ಯಾರೆಂದು ನೋಡಿ. 1918ರ ಸೆಪ್ಟೆಂಬರ್ 29ರಂದು ಕೂಡಲೇ ಕದನವಿರಾಮ ಬೇಕೆಂದು ಪಟ್ಟು ಹಿಡಿದವನು ಸೇನಾಧಿಪತಿ ಲೂಡೆನ್‌ಡಾರ್ಫ್. ನವೆಂಬರ್ 11ರಂದು ಸಹಿ ಹಾಕುವ ನಿಯೋಗದ ಮುಂದೆ ನಿಂತವನು ರಾಜಕಾರಣಿ ಎರ್ಜ್‌ಬರ್ಗರ್. ಮರುವರ್ಷ ಫೀಲ್ಡ್ ಮಾರ್ಷಲ್ ಹಿಂಡೆನ್‌ಬರ್ಗ್ ಸಂಸದೀಯ ಸಮಿತಿಯ ಎದುರು, ಸೈನ್ಯದ ಬೆನ್ನಿಗೆ ಚೂರಿ ಹಾಕಲಾಯಿತೆಂದು ಸಾಕ್ಷಿ ನುಡಿದ. 1921ರ ಆಗಸ್ಟಿನಲ್ಲಿ ಎರ್ಜ್‌ಬರ್ಗರ್ ಕೊಲೆಯಾದ. ಸೋತವರು ಹೊಣೆಯನ್ನು ಇನ್ನೊಬ್ಬರ ತಲೆಗೆ ಕಟ್ಟಿದರು. ಅದನ್ನು ಹೊತ್ತವನು ಪ್ರಾಣ ತೆತ್ತ.

ಇನ್ನು ಪಕ್ಷ. 1919ರ ಜನವರಿ 5ರಂದು ರೈಲ್ವೆ ಕಾರ್ಯಾಗಾರದ ಬೀಗಗೆಲಸಗಾರ ಆಂಟನ್ ಡ್ರೆಕ್ಸ್‌ಲರ್ ಮತ್ತು ಪತ್ರಕರ್ತ ಕಾರ್ಲ್ ಹಾರರ್ ಮ್ಯೂನಿಕ್‌ನಲ್ಲಿ ಜರ್ಮನ್ ಕಾರ್ಮಿಕರ ಪಕ್ಷವೆಂದು ಒಂದು ಪುಟ್ಟ ಕೂಟ ಕಟ್ಟಿದರು. ಮುಂದೆ ನಾಜಿ ಪಕ್ಷವಾದದ್ದು ಇದೇ. ಸೆಪ್ಟೆಂಬರ್ 12ರ ಸಂಜೆ, ಸ್ಟರ್ನೆಕರ್ ಎಂಬ ಬಿಯರ್ ಅಂಗಡಿಯ ಕೋಣೆಯಲ್ಲಿ ನಡೆದ ಅದರ ಸಭೆಗೆ ಹಿಟ್ಲರ್ ಹೋದ. ಸೈನ್ಯದ ಪ್ರಚಾರ ವಿಭಾಗದ ಕ್ಯಾಪ್ಟನ್ ಕಾರ್ಲ್ ಮಾಯರ್‌ನ ಕೈಕೆಳಗಿನ ಆಳಾಗಿ ಹೋದ. ಸದಸ್ಯರ ಪಟ್ಟಿ ದೊಡ್ಡದಾಗಿ ಕಾಣಲೆಂದು ಆ ಪಕ್ಷ 501ರಿಂದ ಎಣಿಕೆ ಶುರು ಮಾಡಿತ್ತು. ಹಿಟ್ಲರ್‌ನ ಸಂಖ್ಯೆ 555. ಮುಂದೆ ತಾನು ಏಳನೆಯ ಸದಸ್ಯನೆಂದು ಆತ ಹೇಳಿಕೊಂಡ. 1920ರ ಫೆಬ್ರುವರಿ 24ರಂದು ಹೋಫ್‌ಬ್ರೌಹೌಸ್‌ನಲ್ಲಿ ಸುಮಾರು ಎರಡು ಸಾವಿರ ಜನರ ಮುಂದೆ 25 ಅಂಶಗಳ ಕಾರ್ಯಕ್ರಮ ಓದಿದಾಗಲೂ ಅವನು ಸೈನ್ಯದ ಪಗಾರದ ಮೇಲಿದ್ದ. ಬಿಡುಗಡೆಯಾದದ್ದು ಮಾರ್ಚ್ 31ಕ್ಕೆ. ಅದೇ ವರ್ಷದ ಡಿಸೆಂಬರಿನಲ್ಲಿ ಪಕ್ಷ ಪತ್ರಿಕೆ ಕೊಂಡಾಗ 60,000 ಮಾರ್ಕ್ ಬಂದದ್ದೂ ಸೈನ್ಯದ ನಿಧಿಯಿಂದಲೇ.

ನನ್ನನ್ನು ಬಿಡದ ಪ್ರಶ್ನೆ ಇಲ್ಲಿದೆ. 1919ರ ವಸಂತದಲ್ಲಿ ಮ್ಯೂನಿಕ್ ಎಡಪಂಥೀಯ ಕ್ರಾಂತಿ ಸರಕಾರದ ಕೈಯಲ್ಲಿತ್ತು. ಆಗ ಹಿಟ್ಲರ್ ಬ್ಯಾರಕ್ಕಿನಲ್ಲೇ ಉಳಿದ. ಏಪ್ರಿಲಿನಲ್ಲಿ ತನ್ನ ಬಟಾಲಿಯನ್ನಿನ ಸೈನಿಕ ಪ್ರತಿನಿಧಿಯಾಗಿ ಆಯ್ಕೆಯೂ ಆದ. ಜೂನಿನಲ್ಲಿ ಮಾಯರ್ ಏರ್ಪಡಿಸಿದ ತರಬೇತಿ ಶಿಬಿರಕ್ಕೆ ಸೇರಿದ. ಯಹೂದಿ ದ್ವೇಷ ತುಂಬಿದ ಅವನ ಮೊದಲ ರಾಜಕೀಯ ಬರಹ ಸಿಗುವುದು ಸೆಪ್ಟೆಂಬರ್ 16ರ ಒಂದು ಪತ್ರದಲ್ಲಿ, ಅದೂ ಮಾಯರ್‌ನ ಅಪ್ಪಣೆಯ ಮೇಲೆ ಬರೆದದ್ದು. ಆ ದ್ವೇಷ ಅವನು ವಿಯೆನ್ನಾದಿಂದ ಹೊತ್ತು ತಂದದ್ದೋ, ಬ್ಯಾರಕ್ಕಿನಲ್ಲಿ ಕಲಿತದ್ದೋ? ಇಯಾನ್ ಕೆರ್ಷಾ, ಥಾಮಸ್ ವೆಬರ್ ಮೊದಲಾದ ಇತಿಹಾಸಕಾರರು ಈ ತಿಂಗಳುಗಳನ್ನು ಜಾಲಾಡಿದ್ದಾರೆ. ವಾದ ಇನ್ನೂ ಮುಗಿದಿಲ್ಲ. ಮೊದಲನೆಯದಾದರೆ ಒಬ್ಬ ಮನುಷ್ಯನ ಕೇಡನ್ನು ಅಭ್ಯಾಸ ಮಾಡಿದರೆ ಸಾಕು. ಎರಡನೆಯದಾದರೆ ಸರಕಾರಿ ಸಂಬಳದಲ್ಲಿ, ಸರಕಾರಿ ಅಪ್ಪಣೆಯಲ್ಲಿ ನಡೆದ ಒಂದು ತಯಾರಿಕೆಯನ್ನು ಅಭ್ಯಾಸ ಮಾಡಬೇಕು. ನನ್ನ ಒಲವು ಎರಡನೆಯದರ ಕಡೆ. ಆ ಮಾಯರ್ ಮುಂದೆ ಮನಸ್ಸು ಬದಲಿಸಿ ಸಮಾಜವಾದಿಗಳ ಜೊತೆ ಸೇರಿದ. 1945ರ ಫೆಬ್ರುವರಿಯಲ್ಲಿ ನಾಜಿಗಳ ಬುಕೆನ್‌ವಾಲ್ಡ್ ಶಿಬಿರದಲ್ಲಿ ಸತ್ತ.

ನ್ಯಾಯಾಲಯವೂ ಈ ಹೊಣೆಯಿಂದ ಹೊರಗಿಲ್ಲ. ಹಿಟ್ಲರ್ ಮ್ಯೂನಿಕ್‌ನಲ್ಲಿ ಎಬ್ಬಿಸಿದ 1923ರ ನವೆಂಬರ್ ದಂಗೆಯಲ್ಲಿ ನಾಲ್ವರು ಪೊಲೀಸರು ಸತ್ತರು. ರಾಜದ್ರೋಹಕ್ಕೆ ಸಿಕ್ಕ ಶಿಕ್ಷೆ ಐದು ವರ್ಷ. 1924ರ ಡಿಸೆಂಬರ್ 20ಕ್ಕೆ ಆಸಾಮಿ ಹೊರಗೆ ಬಂದಿದ್ದ.

ಮಿತ್ರರೇ, ಸೋಲು ನಮ್ಮ ಸೀಮೆಗೂ ಗೊತ್ತು. 1916ರ ಏಪ್ರಿಲ್ 29ರಂದು ಮೆಸೊಪೊಟೇಮಿಯಾದ ಕೂಟ್‌ನಲ್ಲಿ ಶರಣಾದ ಬ್ರಿಟಿಷ್ ಭಾರತದ ಪಡೆಯಲ್ಲಿ 103, 110, 117ನೆಯ ಮರಾಠಾ ಪಲ್ಟಣಗಳಿದ್ದವು. ನಮ್ಮಲ್ಲಿ ಜಾತಿಯ ಅವಮಾನವಂತೂ ಇನ್ನೂ ಹಳೆಯದು. ಜೈಲಿನಿಂದ ಹೊರಬಂದ ಹಿಟ್ಲರ್ 1925ರ ಫೆಬ್ರುವರಿಯಲ್ಲಿ ಪಕ್ಷವನ್ನು ಮತ್ತೆ ಕಟ್ಟಿದ. ಎರಡೇ ತಿಂಗಳಿಗೆ, ಏಪ್ರಿಲಿನಲ್ಲಿ, ಇಲ್ಲೇ ನಮ್ಮ ನಿಪ್ಪಾಣಿಯಲ್ಲಿ ಮುಂಬಯಿ ಪ್ರಾಂತದ ಅಸ್ಪೃಶ್ಯರ ಪರಿಷತ್ತು ಸೇರಿತು. ಅದನ್ನು ಉದ್ದೇಶಿಸಿ ಮಾತಾಡಿದವರು ಡಾ. ಅಂಬೇಡ್ಕರ್, 1921ರಲ್ಲಿ ಜರ್ಮನಿಯ ಬಾನ್ ವಿಶ್ವವಿದ್ಯಾಲಯದಲ್ಲಿ ಹೆಸರು ಹಚ್ಚಿದ್ದವರು, 1923ರಲ್ಲಿ ರೂಪಾಯಿಯ ಸಮಸ್ಯೆಯ ಮೇಲೆ ಗ್ರಂಥ ಬರೆದವರು. ಊರ ಬಾವಿಯ ನೀರಿಗೂ ಹಕ್ಕಿಲ್ಲದ ಜನ ಅಲ್ಲಿ ಸೇರಿದ್ದರು. ಒಂದು ಯುದ್ಧ ಸೋತವರಿಗಿಂತ ನೂರು ಪಟ್ಟು ನೊಂದವರು. ಆ ನೋವಿನಿಂದ ಹುಟ್ಟಿದ ಚಳವಳಿ ಸಮಾನ ಹಕ್ಕು ಕೇಳಿತು, ಯಾರ ನಾಶವನ್ನೂ ಕೇಳಲಿಲ್ಲ. ಅವಮಾನವೇ ಉಗ್ರ ಪಕ್ಷಕ್ಕೆ ಕಾರಣವೆನ್ನುವ ವಿದ್ವಾಂಸರು ನಿಪ್ಪಾಣಿಗೆ ಏನು ಉತ್ತರ ಕೊಡುತ್ತಾರೆ?

ಸಂಶೋಧನೆಗೆ ತೊಡಗುವ ಹುಡುಗ ಹುಡುಗಿಯರಲ್ಲಿ ಒಂದು ಕೋರಿಕೆ ಇದೆ. ಧಾರವಾಡದಲ್ಲಿ ಕರ್ಮವೀರ 1921ರಲ್ಲಿ ಆರಂಭವಾಯಿತು. ಪುಣೆಯ ಕೇಸರಿ ಅದಕ್ಕೂ ಹಳೆಯದು. ಮ್ಯೂನಿಕ್ ದಂಗೆಯ ಸುದ್ದಿ, ಆ ವಿಚಾರಣೆಯ ಸುದ್ದಿ ಆ ಹಾಳೆಗಳಲ್ಲಿ ಹೇಗೆ ಬಂತು, ನಮ್ಮ ಹಿರಿಯರು ಅದನ್ನು ಹೇಗೆ ಓದಿಕೊಂಡರು ಎಂಬುದನ್ನು ಯಾರಾದರೂ ಕೂತು ಹುಡುಕಬೇಕು. ಈ ಗಡಿಭಾಗದ ಮಕ್ಕಳಿಗೆ ಕನ್ನಡ, ಮರಾಠಿ ಎರಡೂ ಬರುತ್ತವೆ. ಈ ಕೆಲಸಕ್ಕೆ ನಿಮಗಿಂತ ತಕ್ಕವರಿಲ್ಲ.

ಅಥಣಿಯ ಸರ್ ಕಾಯುತ್ತಿದ್ದಾರೆ.