ಅಂಗಡಿ ಗಾಡಿ: ಎಷ್ಟು ಅಗಲ ತೆರೆಯುತ್ತೆ ಅಲ್ಲ, ಎಷ್ಟು ಬೇಗ ಮುಚ್ಚುತ್ತೆ ಅನ್ನೋದು ಮುಖ್ಯ

ಇವತ್ತಿನ ಮಾತು ಗಾಡಿಯ ಬಗ್ಗೆ. ಓಡಿಸೋ ಗಾಡಿ ಅಲ್ಲ, ನಿಲ್ಲಿಸಿ ವ್ಯಾಪಾರ ಮಾಡೋ ಗಾಡಿ. ದಾರಿಯಲ್ಲಿ ಹೋಗುವಾಗ ಪೆಟ್ಟಿಗೆ ಥರ ಇರುತ್ತೆ, ನಿಂತಾಗ ರೆಕ್ಕೆ ಬಿಚ್ಚಿಕೊಂಡು ಅಂಗಡಿ ಆಗುತ್ತೆ. ಇನ್‌ಸ್ಟಾದಲ್ಲಿ ಇಂಥ ರೀಲ್ಸ್ ನೀವೂ ನೋಡಿರ್ತೀರ. ಬಟನ್ ಒತ್ತಿದ್ರೆ ಪಕ್ಕದ ಗೋಡೆ ಮೇಲೆ ಹೋಗುತ್ತೆ, ಕೌಂಟರ್ ಹೊರಗೆ ಬರುತ್ತೆ, ಲೈಟ್ ಹತ್ತುತ್ತೆ. ಕೆಳಗೆ ಸಾವಿರ ಕಾಮೆಂಟ್: 'ಬ್ರೋ, ಎಷ್ಟು ಖರ್ಚಾಗುತ್ತೆ?'

ಆ ರೀಲ್‌ಗಳಲ್ಲಿ ಗಾಡಿ ತೆರೆಯೋದನ್ನ ತೋರಿಸ್ತಾರೆ, ಮುಚ್ಚೋದನ್ನ ತೋರಿಸಲ್ಲ. ನಮ್ಮ ಮನೆಯವರು ಅದಕ್ಕೆ ದುಡ್ಡು ಕೊಟ್ಟು ಪಾಠ ಕಲಿತಿದ್ದಾರೆ.

ನಮ್ಮ ಸೋದರಮಾವ ತಿಪಟೂರು, ತುರುವೇಕೆರೆ ಕಡೆ ಸಂತೆಗಳಲ್ಲಿ ಸೀರೆ, ನೈಟಿ, ಮಕ್ಕಳ ಬಟ್ಟೆ ಮಾರ್ತಾರೆ. ವರ್ಷಗಟ್ಟಲೆ ನೆಲಕ್ಕೆ ಟಾರ್ಪಾಲ್ ಹಾಸಿ ಕೂತವರು. ಮಂಡಿ ನೋವು ಶುರುವಾದ ಮೇಲೆ ಒಂದು ಸೆಕೆಂಡ್ ಹ್ಯಾಂಡ್ ಛೋಟಾ ಹಾಥಿ ತಗೊಂಡು, ಸಾಲ ಮಾಡಿ, ಒಬ್ಬ ವೆಲ್ಡಿಂಗ್‌ನವರ ಹತ್ರ ಮೂರೂ ಕಡೆ ತೆರೆಯೋ ಬಾಡಿ ಕಟ್ಟಿಸಿದ್ರು. ನೋಡೋಕೆ ಭರ್ಜರಿಯಾಗಿತ್ತು. ಮೊದಲ ವಾರ ಸಂತೆಯಲ್ಲಿ ಜನ ಗಾಡಿ ನೋಡೋಕೇ ಬಂದ್ರು. ಏಪ್ರಿಲ್‌ನಲ್ಲಿ ಒಂದು ಸಂಜೆ ಗಾಳಿ ಎದ್ದು ದಪ್ಪ ಹನಿ ಬೀಳೋಕೆ ಶುರುವಾಯ್ತು. ಪಕ್ಕದಲ್ಲಿ ಟಾರ್ಪಾಲ್ ಹಾಸಿದ್ದವರು ನಾಲ್ಕು ಮೂಲೆ ಹಿಡಿದು ಗಂಟು ಕಟ್ಟಿ ಎರಡು ನಿಮಿಷದಲ್ಲಿ ಓಡಿದ್ರು. ಮಾವ ಒಂದೊಂದೇ ಸೀರೆ ಮಡಚಿ, ಕೌಂಟರ್ ಖಾಲಿ ಮಾಡಿ, ರಾಡ್ ಬಿಚ್ಚಿ, ಬಾಗಿಲು ಇಳಿಸೋಷ್ಟರಲ್ಲಿ ಇಪ್ಪತ್ತೈದು ನಿಮಿಷ. ಅರ್ಧ ಮಾಲು ಒದ್ದೆ. ಗಾಳಿಗೆ ಮೇಲಿನ ಒಂದು ಬಾಗಿಲು ತಿರುಚಿಕೊಂಡು ಹೋಯ್ತು.

ಮನೆಗೆ ಬಂದು ಮಾವ ಹೇಳಿದ ಮಾತು ಇದು: 'ಮಗಾ, ಟಾರ್ಪಾಲೇ ಇದಕ್ಕಿಂತ ಬುದ್ಧಿವಂತ ಗಾಡಿ ಕಣೋ.'

ಟಾರ್ಪಾಲ್ ಯಾಕೆ ಗೆಲ್ತು? ಅದರಲ್ಲಿ ಮಾಲನ್ನ ಎತ್ತಿಡಬೇಕಾಗಿಲ್ಲ. ಮಾಲಿನ ಸಮೇತ ಮುಚ್ಚಬಹುದು. ಹಳ್ಳಿಗೆ ಬರ್ತಿದ್ದ ಬಳೆಗಾರರ ಮಲಾರ ಯಾರಾದ್ರೂ ನೋಡಿದ್ದೀರಾ? ಬಳೆಗಳನ್ನ ಬಣ್ಣ, ಅಳತೆ ಪ್ರಕಾರ ಸಾಲಾಗಿ ಪೋಣಿಸಿ ಹೆಗಲಿಗೆ ಹಾಕ್ಕೊಂಡು ಬರೋರು. ಜಗಲಿ ಮೇಲೆ ಇಳಿಸಿದ್ರೆ ಅದೇ ಶೋರೂಮ್, ಎತ್ತಿ ಹೆಗಲಿಗೆ ಹಾಕಿದ್ರೆ ಅದೇ ಗಾಡಿ. ಸಾಗಿಸೋದು, ತೋರಿಸೋದು ಎರಡೂ ಒಂದೇ ವಸ್ತು. ಅಂಗಡಿ ಗಾಡಿ ವಿನ್ಯಾಸ ಮಾಡುವವರಿಗೆ ಇದಕ್ಕಿಂತ ಒಳ್ಳೆ ಗುರು ಇಲ್ಲ.

ಈಗ ಲೆಕ್ಕಕ್ಕೆ ಬರೋಣ. ನಾನು ಬಿಕಾಂ, ಎಂಜಿನಿಯರ್ ಅಲ್ಲ. ಆದ್ರೆ ಈ ಲೆಕ್ಕಕ್ಕೆ ಹೈಸ್ಕೂಲ್ ವಿಜ್ಞಾನ ಸಾಕು.

ಮೊದಲನೇದು ತೂಕ. ಟಾಟಾ ಏಸ್ 2005ರಲ್ಲಿ ಬಂದಾಗ ಅದರ ಹೊರುವ ಸಾಮರ್ಥ್ಯ 750 ಕೆಜಿ. ಹಿಂದಿನ ತೊಟ್ಟಿ ಸುಮಾರು 7 ಅಡಿ ಉದ್ದ, 5 ಅಡಿಗೆ ಸ್ವಲ್ಪ ಕಮ್ಮಿ ಅಗಲ. ಆರ್‌ಸಿಯಲ್ಲಿ ಬರೆದಿರೋ ಒಟ್ಟು ತೂಕದ ಮಿತಿ ನಾವು ಬಾಡಿ ಕಟ್ಟಿಸಿದ್ರೂ ಜಾಸ್ತಿ ಆಗಲ್ಲ. ಅಂದ್ರೆ ಬಾಡಿಗೆ ಹಾಕೋ ಪ್ರತಿ ಕೆಜಿ ಕಬ್ಬಿಣ ನಮ್ಮ ಮಾಲಿನ ಪಾಲಿಂದಲೇ ಕಳೆಯುತ್ತೆ. ತಗಡು, ಫ್ರೇಮ್, ಶೆಲ್ಫ್, ಬ್ಯಾಟರಿ ಎಲ್ಲ ಸೇರಿ 350 ಕೆಜಿ ಆಯ್ತು ಅಂದ್ಕೊಳ್ಳಿ, ಉಳಿಯೋದು 400. ಬಟ್ಟೆ ವ್ಯಾಪಾರಕ್ಕೆ ಅಷ್ಟು ಸಾಕು. ಒಂದು ಸೀರೆ ಅರ್ಧ ಕೆಜಿ ಅಂದ್ರೂ 400 ಸೀರೆಗೆ 200 ಕೆಜಿ. ಸ್ಟೀಲ್ ಪಾತ್ರೆ ಮಾರೋರಿಗೆ ಅದೇ 400 ಕೆಜಿ ಕಣ್ಣು ಮುಚ್ಚಿ ತೆರೆಯೋದ್ರಲ್ಲಿ ತುಂಬಿಬಿಡುತ್ತೆ. ಹಂಗಾಗಿ 'ಒಳ್ಳೆ ಅಂಗಡಿ ಗಾಡಿ' ಅಂತ ಒಂದೇ ಡಿಸೈನ್ ಇಲ್ಲ. ಬಟ್ಟೆಯವರಿಗೆ ಜಾಗದ ಕೊರತೆ, ಪಾತ್ರೆಯವರಿಗೆ ತೂಕದ ಕೊರತೆ. ನಿಮ್ಮದು ಯಾವ ಕೊರತೆ ಅಂತ ಮೊದಲು ಗೊತ್ತಾಗಬೇಕು.

ಎರಡನೇದು ಮೇಲಕ್ಕೆ ಎತ್ತೋ ಬಾಗಿಲು. 7 ಅಡಿ ಉದ್ದ, 4 ಅಡಿ ಎತ್ತರದ ಬಾಗಿಲು ಅಂದ್ರೆ ಸುಮಾರು 2.6 ಚದರ ಮೀಟರ್. 1.2 ಮಿಲಿಮೀಟರ್ ಕಬ್ಬಿಣದ ತಗಡಲ್ಲಿ ಮಾಡಿದ್ರೆ ತಗಡೇ 24 ಕೆಜಿ, ಫ್ರೇಮ್ ಸೇರಿ 30 ದಾಟುತ್ತೆ. ಅದೇ ಜಾಗಕ್ಕೆ ಅಂಗಡಿ ಬೋರ್ಡ್‌ಗೆ ಹಾಕೋ 4 ಮಿಲಿಮೀಟರ್ ಎಸಿಪಿ ಶೀಟ್ ಹಾಕಿದ್ರೆ ಶೀಟ್ ತೂಕ 14 ಕೆಜಿ ಆಸುಪಾಸು. ಹೆಚ್ಚುಕಮ್ಮಿ ಹತ್ತು ಕೆಜಿ ವ್ಯತ್ಯಾಸ. ದಿನಕ್ಕೆ ಆರು ಸಲ ಎತ್ತಿ ಇಳಿಸೋ ತೋಳಿಗೆ ಅದರ ಬೆಲೆ ಗೊತ್ತು.

ಎತ್ತೋಕೆ ಗ್ಯಾಸ್ ಸ್ಟ್ರಟ್ ಹಾಕ್ತಾರೆ, ಕಾರಿನ ಡಿಕ್ಕಿಯಲ್ಲಿ ಇರುತ್ತಲ್ಲ, ಅದೇ. ಅಂಗಡಿಯವರು ಕೊಟ್ಟಿದ್ದನ್ನ ಹಾಕೋ ಮೊದಲು ಒಂದು ಲೆಕ್ಕ ಮಾಡಿ. 30 ಕೆಜಿ ಬಾಗಿಲು ಅಡ್ಡಡ್ಡ ನಿಂತಾಗ ಅದರ ತೂಕ ಹಿಂಜಿನಿಂದ 2 ಅಡಿ ದೂರದಲ್ಲಿ ಕೂತ ಹಾಗೆ. ಸ್ಟ್ರಟ್ ಹಿಂಜಿಗೆ 1 ಅಡಿ ದೂರದಲ್ಲಿ ಹಿಡಿದಿದ್ರೆ ಅದು 60 ಕೆಜಿಯಷ್ಟು ಬಲ ಕೊಡಬೇಕು. ಎರಡು ಕಡೆ ಹಂಚಿದ್ರೆ ಒಂದೊಂದಕ್ಕೆ 30 ಕೆಜಿ, ಅಂದ್ರೆ ಹತ್ತಿರ ಹತ್ತಿರ 300 ನ್ಯೂಟನ್. ಸ್ಟ್ರಟ್ ಓರೆಯಾಗಿ ಕೂರೋದ್ರಿಂದ ಇನ್ನೂ ಜಾಸ್ತಿ ಬೇಕು. ಹಿಂಜಿಗೆ ಹತ್ತಿರ ಹೋದಷ್ಟೂ ಬಲ ಹೆಚ್ಚು ಬೇಕು, ಹಿಂಜು ಕಿತ್ತು ಬರೋ ಅಪಾಯನೂ ಹೆಚ್ಚು. ವರ್ಷ ಕಳೆದ ಹಾಗೆ ಸ್ಟ್ರಟ್ ಒಳಗಿನ ಒತ್ತಡ ಇಳಿಯುತ್ತೆ. ಅದಕ್ಕೇ ಸ್ಟ್ರಟ್ ಎಷ್ಟೇ ಒಳ್ಳೇದಿರಲಿ, ಒಂದು ಕಬ್ಬಿಣದ ಊರುಗೋಲು ಇಟ್ಟು ಪಿನ್ ಹಾಕಲೇಬೇಕು. ಕೆಳಗೆ ಗಿರಾಕಿಯ ತಲೆ ಇರುತ್ತೆ, ಮರೀಬೇಡಿ.

ಮೂರನೇದು ಗಾಳಿ. ಮಾವನ ಬಾಗಿಲು ತಿರುಚಿದ್ದು ಇದರಿಂದಲೇ. ಗಂಟೆಗೆ 40 ಕಿಲೋಮೀಟರ್ ಗಾಳಿ ಅದೇ ಬಾಗಿಲಿಗೆ ನೇರ ಬಡಿದ್ರೆ ಹತ್ತಿರ ಹತ್ತಿರ 20 ಕೆಜಿ ತೂಕದಷ್ಟು ಒತ್ತುತ್ತೆ. ವೇಗ 60 ಆದ್ರೆ ಒತ್ತಡ ಒಂದೂವರೆ ಪಟ್ಟು ಆಗಲ್ಲ, ಎರಡೂಕಾಲು ಪಟ್ಟು ಆಗುತ್ತೆ, 45 ಕೆಜಿ. ಬಾಗಿಲಿನ ತೂಕಕ್ಕಿಂತ ಜಾಸ್ತಿ. ಊರುಗೋಲು ಬಾಗಿಲು ಕೆಳಗೆ ಬೀಳದ ಹಾಗೆ ತಡೆದ್ರೆ ಸಾಲದು, ಮೇಲೆ ಹಾರದ ಹಾಗೆ ಕೆಳಕ್ಕೂ ಎಳೆದು ಹಿಡೀಬೇಕು.

ನಾಲ್ಕನೇದು ಯಾವ ಕಡೆ ತೆರೆಯೋದು. ಮೂರೂ ಕಡೆ ತೆರೆದ್ರೆ 7, 7, 5, ಒಟ್ಟು ಹೆಚ್ಚುಕಮ್ಮಿ 19 ಅಡಿ ಪ್ರದರ್ಶನ. ಕೇಳೋಕೆ ಚೆಂದ. ಆದ್ರೆ ನಮ್ಮಲ್ಲಿ ಗಾಡಿ ನಿಲ್ಲೋದು ರಸ್ತೆಯ ಎಡಕ್ಕೆ. ಬಲಗಡೆ ಬಾಗಿಲು ತೆರೆದ್ರೆ ಗಿರಾಕಿ ಓಡಾಡೋ ವಾಹನಗಳ ಮಧ್ಯೆ ನಿಂತ್ಕೊಂಡು ಸೀರೆ ನೋಡಬೇಕು. ಎಡಗಡೆ ಮತ್ತು ಹಿಂದೆ, ಇಷ್ಟೇ ದಿನನಿತ್ಯದ ಅಂಗಡಿ. ಬಲಗಡೆ ಬಾಗಿಲು ಸಂತೆ ಮೈದಾನಕ್ಕೆ ಮಾತ್ರ. ಅಲ್ಲೂ ನೆನಪಿಡಿ: ಜಾಸ್ತಿ ಜಾಗ ಹಿಡಿದ್ರೆ ಸುಂಕದವರು ಜಾಸ್ತಿ ಕೇಳ್ತಾರೆ, ಪಕ್ಕದ ಈರುಳ್ಳಿ ಅಜ್ಜಿ ಜೊತೆ ಜಗಳ ಬೇರೆ. ಒಂದೇ ಪಕ್ಕಕ್ಕೆ ಭಾರದ ಡ್ರಾಯರ್ ಎಳೆದ್ರೆ ಗಾಡಿ ಆ ಕಡೆ ವಾಲುತ್ತೆ, ಆ ಪಕ್ಕ ನೆಲಕ್ಕೆ ಊರೋ ಎರಡು ಜಾಕ್ ಕಾಲು ಬೇಕು.

ಈಗ ಮುಖ್ಯ ವಿಷಯ, ಮುಚ್ಚೋ ಕ್ರಮ. ಕಾಗದದ ಮೇಲೆ ಡ್ರಾಯಿಂಗ್ ಮಾಡೋ ಮೊದಲು ಇದನ್ನ ಬರ್ಕೊಳ್ಳಿ. ಮಳೆ ಬಂದಾಗ ಮೇಲಿನ ಬಾಗಿಲೇ ಕೊಡೆ, ಅದು ಕೊನೆಗೆ ಮುಚ್ಚಬೇಕು. ಕೆಳಗಿನ ಕೌಂಟರ್ ಮೊದಲು ಒಳಗೆ ಹೋಗಬೇಕು, ಮಾಲಿನ ಸಮೇತ. ಅಂದ್ರೆ ಕೌಂಟರ್ ಮಡಚೋ ಹಲಗೆ ಆಗಬಾರದು, ಒಳಗೆ ತಳ್ಳೋ ಟ್ರೇ ಆಗಬೇಕು. ನೈಟಿ ನೇತುಹಾಕೋ ರಾಡ್ ಬಿಚ್ಚೋ ರಾಡ್ ಆಗಬಾರದು, ಚಾನೆಲ್ ಮೇಲೆ ಹ್ಯಾಂಗರ್ ಸಮೇತ ಒಳಕ್ಕೆ ಜಾರಬೇಕು. ಟ್ರೇಗಳಿಗೆ ಲಾಕ್ ಇರಬೇಕು, ಇಲ್ಲಾಂದ್ರೆ ಮೊದಲ ಹಂಪ್‌ನಲ್ಲೇ ಎಲ್ಲ ಒಂದಾಗುತ್ತೆ. ಬಾಗಿಲು ಸರಿಯಾಗಿ ಕೂರದಿದ್ರೆ ಡ್ರೈವರ್ ಮುಂದೆ ಕೆಂಪು ಲೈಟ್ ಹತ್ತೋ ಹಾಗೆ ಒಂದು ಸಣ್ಣ ಸ್ವಿಚ್ ಹಾಕಿಸಿ. ರಾತ್ರಿ ಎಲ್‌ಇಡಿಗೆ ಬೇರೆ ಬ್ಯಾಟರಿ ಇಡಿ. ಗಾಡಿಯ ಬ್ಯಾಟರಿಯಲ್ಲೇ ಉರಿಸಿದ್ರೆ ಸಂತೆ ಮುಗಿದ ಮೇಲೆ ತಳ್ಳೋಕೆ ಜನ ಹುಡುಕಬೇಕಾಗುತ್ತೆ.

ಸಮಯದ ಲೆಕ್ಕನೂ ನೋಡಿ. ತೆರೆಯೋಕೆ 20 ನಿಮಿಷ, ಮುಚ್ಚೋಕೆ 20 ನಿಮಿಷ ಅಂದ್ರೆ ದಿನಕ್ಕೆ ಮೂರು ಕಡೆ ನಿಲ್ಲಿಸೋರಿಗೆ ಎರಡು ಗಂಟೆ ಹೋಯ್ತು. ಅದನ್ನ ಐದೈದು ನಿಮಿಷಕ್ಕೆ ಇಳಿಸಿದ್ರೆ ಒಂದೂವರೆ ಗಂಟೆ ವ್ಯಾಪಾರಕ್ಕೆ ವಾಪಸ್ ಸಿಗುತ್ತೆ. ನಾಲ್ಕು ಅಡಿ ಜಾಸ್ತಿ ಡಿಸ್‌ಪ್ಲೇಗಿಂತ ಈ ಒಂದೂವರೆ ಗಂಟೆ ದೊಡ್ಡದು.

ಇನ್ನು ಕಾನೂನು. ಮಾವನಿಗೆ ಎರಡನೇ ಪೆಟ್ಟು ಬಿದ್ದಿದ್ದು ಇಲ್ಲಿ. ಬಾಡಿ ಕಟ್ಟಿದವರು 'ಸ್ವಲ್ಪ ಜಾಗ ಜಾಸ್ತಿ ಬರಲಿ' ಅಂತ ಎರಡೂ ಪಕ್ಕ ಹೊರಕ್ಕೆ ಎಳೆದಿದ್ರು. ಎಫ್‌ಸಿಗೆ ಹೋದಾಗ ವಾಪಸ್ ಕಳಿಸಿದ್ರು. ತಪ್ಪು ಅಧಿಕಾರಿಗಳದ್ದಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರ ವಿವರಕ್ಕೆ ಹೊಂದದ ಹಾಗೆ ವಾಹನ ಬದಲಿಸೋ ಹಾಗಿಲ್ಲ. 2019ರ ತಿದ್ದುಪಡಿ ಆದ ಮೇಲೆ ಅನುಮತಿ ಇಲ್ಲದ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಅಂತ ಕಾಯ್ದೆಯಲ್ಲಿದೆ. ಓಡುವಾಗ ಮಾಲು ಬಾಡಿಯಿಂದ ಪಕ್ಕಕ್ಕೆ ಚಾಚಿದ್ರೆ ದಂಡ 20,000. ಆದ್ದರಿಂದ ವೆಲ್ಡಿಂಗ್ ಅಂಗಡಿಗೆ ಹೋಗೋ ಮೊದಲು ಡ್ರಾಯಿಂಗ್ ಹಿಡ್ಕೊಂಡು ಆರ್‌ಟಿಒ ಕಚೇರಿಗೆ ಹೋಗಿ, ಅನುಮತಿ ತಗೊಳ್ಳಿ, ಕೆಲಸ ಮುಗಿದ ಮೇಲೆ ಆರ್‌ಸಿಯಲ್ಲಿ ಬದಲಾಯಿಸಿ. ಇನ್ಶೂರೆನ್ಸ್‌ನವರಿಗೂ ತಿಳಿಸಿ.

ನಿಲ್ಲಿಸೋ ಜಾಗಕ್ಕೂ ಕಾಯ್ದೆ ಇದೆ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಪಟ್ಟಣಗಳಲ್ಲಿ ಒಂದೇ ಕಡೆ ಕೂರೋರಿಗೆ ಮಾತ್ರ ಅಲ್ಲ, ಜಾಗದಿಂದ ಜಾಗಕ್ಕೆ ಅಲೆದು ಮಾರೋರಿಗೂ ಅನ್ವಯಿಸುತ್ತೆ. ಟೌನ್ ವೆಂಡಿಂಗ್ ಕಮಿಟಿಯಲ್ಲಿ ಕನಿಷ್ಠ 40 ಪರ್ಸೆಂಟ್ ಸದಸ್ಯರು ವ್ಯಾಪಾರಿಗಳೇ ಇರಬೇಕು. ಮಾಲು ವಶಪಡಿಸಿಕೊಂಡ್ರೆ ಪಟ್ಟಿ ಕೊಡಬೇಕು, ಕೆಡದ ವಸ್ತುಗಳನ್ನ ವ್ಯಾಪಾರಿ ಕೇಳಿದ ಎರಡು ಕೆಲಸದ ದಿನಗಳಲ್ಲಿ ಬಿಡಬೇಕು. ಪಟ್ಟಿ ಕೇಳೋದು ನಿಮ್ಮ ಹಕ್ಕು. ಆದ್ರೆ ವೆಂಡಿಂಗ್ ಸರ್ಟಿಫಿಕೇಟ್ ಮಾಡಿಸಿಕೊಂಡಿದ್ರೆ ಮಾತಿಗೆ ತೂಕ ಇರುತ್ತೆ.

ಕೊನೆಗೆ ದುಡ್ಡು. ಗಾಡಿ ಮೇಲೆ ಹಾಕಿದ ದುಡ್ಡು ಅಲ್ಲೇ ಕೂರುತ್ತೆ, ಮಾಲಿನ ಮೇಲೆ ಹಾಕಿದ ದುಡ್ಡು ತಿರುಗುತ್ತೆ. ಸಾಲದ ದುಡ್ಡೆಲ್ಲ ಬಾಡಿಗೇ ಸುರಿದು, ಚೆಂದದ ಗಾಡಿಯಲ್ಲಿ ತೋರಿಸೋಕೆ ಹೊಸ ಮಾಲೇ ಇಲ್ಲ ಅನ್ನೋ ಸ್ಥಿತಿ ಬರಬಾರದು. ಮಾವನಿಗೆ ಆ ಬೇಸಿಗೆಯಲ್ಲಿ ಆಗಿದ್ದು ಅದೇ.

ಹಾಗಾದ್ರೆ ಶುರು ಹೇಗೆ? ಮನೆ ಮುಂದೆ ನೆಲದ ಮೇಲೆ ಚಾಕ್‌ಪೀಸಲ್ಲಿ 7 ಅಡಿ, 5 ಅಡಿ ಗೆರೆ ಎಳೀರಿ. ರಟ್ಟಿನ ಪೆಟ್ಟಿಗೆ, ಹಳೇ ಪ್ಲೈವುಡ್ ಇಟ್ಟು ಶೆಲ್ಫ್ ಮಾಡಿ. ನಿಮ್ಮ ನಿಜವಾದ ಮಾಲನ್ನ ಅದರಲ್ಲಿ ಜೋಡಿಸಿ. ಮೊಬೈಲಲ್ಲಿ ಸ್ಟಾಪ್‌ವಾಚ್ ಆನ್ ಮಾಡಿ, 'ಮಳೆ ಬಂತು' ಅಂತ ಕೂಗಿ, ಒಬ್ಬರೇ ಎಲ್ಲವನ್ನೂ ಗೆರೆ ಒಳಗೆ ತನ್ನಿ. ಐದು ನಿಮಿಷ ದಾಟಿದ್ರೆ ಡಿಸೈನ್ ಬದಲಿಸಿ. ರಟ್ಟು ಬದಲಿಸೋಕೆ ದುಡ್ಡು ಬೇಡ, ಕಬ್ಬಿಣ ಬದಲಿಸೋಕೆ ಬೇಕು.

ನಾವು ಹಾಗೇ ಮಾಡಿದ್ವಿ. ಮಾವನ ಗಾಡಿಯ ಪಕ್ಕಗಳನ್ನ ಕತ್ತರಿಸಿ ಮೊದಲಿನ ಅಳತೆಗೆ ತಂದು, ಬಲಗಡೆ ಬಾಗಿಲನ್ನ ಮುಚ್ಚಿಸಿ, ಎಡಗಡೆಗೆ ನಾಲ್ಕು ಟ್ರೇ, ಹಿಂದೆ ಎರಡು ಜಾರೋ ರಾಡ್. ಈಗ ಎಫ್‌ಸಿ ಆಗಿದೆ. ಗಾಡಿ ಮೊದಲಿನಷ್ಟು ಭರ್ಜರಿ ಕಾಣಲ್ಲ, ರೀಲ್ ಮಾಡಿದ್ರೆ ಯಾರೂ ಲೈಕ್ ಒತ್ತಲ್ಲ. ಆದ್ರೆ ಕಳೆದ ಸಲ ಸಂತೆಯಲ್ಲಿ ಮೋಡ ಕಟ್ಟಿದಾಗ ನಾನೇ ಟೈಮ್ ನೋಡಿದೆ: ನಾಲ್ಕೂವರೆ ನಿಮಿಷ. ಮುಚ್ಚಿದ ಗಾಡಿಗೆ ಒರಗಿಕೊಂಡು ಮಾವ ಟೀ ಕುಡೀತಿದ್ರು. ಮಳೆ ಬರಲೇ ಇಲ್ಲ. ಮತ್ತೆ ತೆರೆದ್ರು, ಅದೂ ಅಷ್ಟೇ ಬೇಗ.

ನಿಮ್ಮ ಮನೆಯಲ್ಲಿ, ಬೀದಿಯಲ್ಲಿ ಇಂಥ ಗಾಡಿ ಇದ್ರೆ, ಅದು ಮುಚ್ಚೋಕೆ ಎಷ್ಟು ನಿಮಿಷ ತಗೊಳ್ಳುತ್ತೆ ಅಂತ ನೋಡಿ ನಮಗೆ ವಾಯ್ಸ್ ನೋಟ್ ಕಳಿಸಿ.